ಹರಾಜಿಗಿಟ್ಟವರೂ ಮಕ್ಕಳೇ, ಬೀದಿಗಿಳಿದವರೂ ಮಕ್ಕಳೇ



2022ರ ಜನವರಿ 1ರಂದು ನಮ್ಮ ದೇಶದ ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಅಂತರ್ಜಾಲದಲ್ಲಿ 'ಹರಾಜಿ'ಗೆ ಇಡಲಾಯಿತು. ಆ ಆ್ಯಪ್‌ನ ಹೆಸರು 'ಬುಲ್ಲಿ ಬಾಯಿ'. ಪತ್ರಕರ್ತೆಯರು, ವಿದ್ಯಾರ್ಥಿನಿಯರು, ಹೋರಾಟಗಾರ್ತಿಯರು ಅದರಲ್ಲಿದ್ದರು. 2016ರಲ್ಲಿ ದಿಲ್ಲಿಯ ಜೆಎನ್‌ಯುನಿಂದ ಕಾಣೆಯಾದ ನಜೀಬ್ ಅಹ್ಮದ್‌ರ ತಾಯಿಯನ್ನೂ ಬಿಡಲಿಲ್ಲ. ಮಗನಿಗಾಗಿ ಬೀದಿ ಬೀದಿ ಅಲೆದ ವೃದ್ಧ ತಾಯಿ! ಅದಕ್ಕೂ ಆರು ತಿಂಗಳ ಮೊದಲು, 2021ರ ಜುಲೈಯಲ್ಲಿ, 'ಸುಲ್ಲಿ ಡೀಲ್ಸ್' ಎಂಬ ಹೆಸರಿನಲ್ಲಿ ಇದೇ ಹೇಯ ಕೃತ್ಯ ನಡೆದಿತ್ತು. ದೂರು ದಾಖಲಾಗಿತ್ತು. ಆದರೆ ಆರು ತಿಂಗಳ ಕಾಲ ಒಬ್ಬನೇ ಒಬ್ಬನ ಬಂಧನವಾಗಲಿಲ್ಲ. ಮೊದಲನೆಯ ಪ್ರಕರಣದಲ್ಲಿ ಕಾನೂನು ಎಚ್ಚೆತ್ತಿದ್ದರೆ ಎರಡನೆಯದು ಹುಟ್ಟುತ್ತಿತ್ತೇ?

ಇದರ ಹಿಂದೆ ನುರಿತ ಕೈಗಳಿರಬೇಕು, ರಾಜಕೀಯದಲ್ಲಿ ಪಳಗಿದ ನಡುವಯಸ್ಸಿನವರಿರಬೇಕು ಎಂದೇ ನಾವು ಭಾವಿಸಿದ್ದೆವು. ಬಂಧನಗಳು ಆರಂಭವಾದಾಗ ನಮ್ಮ ಊಹೆ ತಲೆಕೆಳಗಾಯಿತು. ಮುಂಬೈ ಪೊಲೀಸರು ಮೊದಲು ಹಿಡಿದದ್ದು ನಮ್ಮದೇ ಬೆಂಗಳೂರಿನಲ್ಲಿದ್ದ 21ರ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಅನಂತರ ಉತ್ತರಾಖಂಡದ 18ರ ಹುಡುಗಿಯೊಬ್ಬಳನ್ನು. ಆ್ಯಪ್ ತಯಾರಿಸಿದ ಆರೋಪದಲ್ಲಿ ದಿಲ್ಲಿ ಪೊಲೀಸರು ಅಸ್ಸಾಮಿನಿಂದ ಕರೆತಂದವನೂ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಯೇ. ಆರೋಪ ಸಾಬೀತಾಗುವುದು, ಬಿಡುವುದು ನ್ಯಾಯಾಲಯದ ವಿಷಯ. ನಮ್ಮನ್ನು ಕಾಡಿದ್ದು ಅವರ ವಯಸ್ಸು. ತನ್ನ ಗುರುತು ಮರೆಮಾಚಲು ಸಿಖ್ ಹೆಸರುಗಳ ಖಾತೆಗಳನ್ನು ಬಳಸಿ, ಒಂದು ಸಮುದಾಯದ ಅವಮಾನದ ಹೊಣೆಯನ್ನು ಇನ್ನೊಂದು ಸಮುದಾಯದ ತಲೆಗೆ ಕಟ್ಟುವ ಕುಟಿಲತೆ 18-20ರ ಎದೆಗೆ ಎಲ್ಲಿಂದ ಬಂತು? ಅದೇ ಹರಾಜಿನ ಪಟ್ಟಿಯಲ್ಲಿರುವ ಹೆಣ್ಣಿನ ನೋವು ಹದಿನೆಂಟರ ಹೆಣ್ಣುಮಗಳಿಗೆ ಕಾಣದಂತೆ ಮಾಡಿದ ಪರದೆ ಯಾವುದು?

ತಾಯಿಯ ಹಾಲಿನಲ್ಲಿ ಇದು ಬಂದಿರಲಾರದು. 2021ರಲ್ಲಿ ಫೇಸ್‌ಬುಕ್ ಕಂಪೆನಿಯ ಆಂತರಿಕ ದಾಖಲೆಗಳು ಹೊರಬಿದ್ದುವು. ಅದರಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಪ್ರಯೋಗದ ವಿವರವಿದೆ. 2019ರ ಫೆಬ್ರವರಿಯಲ್ಲಿ ಕಂಪೆನಿಯ ಸಂಶೋಧಕರೊಬ್ಬರು ಭಾರತೀಯ ಬಳಕೆದಾರರ ಹೆಸರಿನಲ್ಲಿ ಹೊಸ ಖಾತೆ ತೆರೆದರು. ತಾವಾಗಿ ಏನನ್ನೂ ಹುಡುಕಲಿಲ್ಲ. ಫೇಸ್‌ಬುಕ್ಕೇ ನೋಡು ಎಂದು ಮುಂದಿಟ್ಟದ್ದನ್ನು ನೋಡುತ್ತಾ ಹೋದರು, ಅಷ್ಟೇ. ಪುಲ್ವಾಮ ದಾಳಿ ನಡೆದ ದಿನಗಳವು. ಮೂರು ವಾರಗಳಲ್ಲಿ ಆ ಖಾತೆಯ ತುಂಬ ದ್ವೇಷ, ಸುಳ್ಳು ಮತ್ತು ರಕ್ತಸಿಕ್ತ ಚಿತ್ರಗಳು ತುಂಬಿಕೊಂಡವು. ಜೀವಮಾನದಲ್ಲಿ ಕಂಡದ್ದಕ್ಕಿಂತ ಹೆಚ್ಚು ಶವಗಳ ಚಿತ್ರಗಳನ್ನು ಆ ಮೂರು ವಾರಗಳಲ್ಲಿ ಕಂಡೆನೆಂದು ಆ ಸಂಶೋಧಕರು ಬರೆದಿಟ್ಟರು. ಸಂಬಳ ಪಡೆದು ಪರೀಕ್ಷೆ ಮಾಡಿದ ಪ್ರೌಢ ವ್ಯಕ್ತಿಯ ಅನುಭವ ಇದು. ಮಲಗುವ ಕೋಣೆಯಲ್ಲಿ, ದೀಪ ಆರಿಸಿ, ಮೂರು ವರ್ಷ ಅದನ್ನೇ ನೋಡುವ ಹದಿನೈದರ ಹುಡುಗನ ಗತಿಯೇನು? ಯಾವುದು ಸಿಟ್ಟು ಬರಿಸುತ್ತದೋ ಅದರ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹೆಚ್ಚು ಹೊತ್ತು ನಿಂತಷ್ಟೂ ಜಾಹೀರಾತಿನ ಲಾಭ. ಸಂತೆಯಲ್ಲಿ ಜಗಳಕ್ಕೆ ಜನ ಸೇರಿಸಿ ಕಡಲೆ ಮಾರುವವನ ಲೆಕ್ಕಾಚಾರವೇ ಇದು.

ಇಷ್ಟು ಹೇಳಿ ಕುಳಿತರೆ ನಿಮ್ಮಿಂದ ಚಪ್ಪಾಳೆ ಸಿಗಬಹುದು. ಆದರೆ ಅದು ಅರ್ಧ ಸತ್ಯವಾಗುತ್ತದೆ.

2020ರ ಆಗಸ್ಟ್ 11ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಪುಲಕೇಶಿನಗರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಸಂಬಂಧಿಯೊಬ್ಬನ ಖಾತೆಯಲ್ಲಿ ಪ್ರವಾದಿ(ಸ)ಯವರನ್ನು ನಿಂದಿಸುವ ಬರಹ ಬಂತು. ಅದು ಅಪರಾಧ, ಅದಕ್ಕೆ ಕಾನೂನಿತ್ತು, ಆತನ ಬಂಧನವೂ ಆಯಿತು. ಆದರೆ ಅಷ್ಟರಲ್ಲಿ ಆ ಬರಹ ಸಾವಿರಾರು ಮೊಬೈಲುಗಳಿಗೆ ಹಂಚಿ ಹೋಗಿತ್ತು. ಹಂಚಿದವರು ಯಾರು? ನಿಂದನೆಯನ್ನು ಮನೆಮನೆಗೆ ಮುಟ್ಟಿಸಿದವರು ನಮ್ಮವರೇ ಅಲ್ಲವೇ? ಶಾಸಕರ ಮನೆ ಉರಿಯಿತು, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು, ಗೋಲಿಬಾರಿನಲ್ಲಿ ಜೀವಗಳು ಹೋದುವು. ನೂರಾರು ಯುವಕರ ಬಂಧನವಾಯಿತು, ಯುಎಪಿಎ ಹೇರಲಾಯಿತು, ತನಿಖೆ ಎನ್‌ಐಎಗೆ ಹೋಯಿತು. ದಿನಗೂಲಿಯ ಮನೆಗಳ ತಾಯಂದಿರು ಜೈಲು ಮತ್ತು ವಕೀಲರ ಕಚೇರಿಯ ನಡುವೆ ಸವೆದುಹೋದರು. ಉದ್ರೇಕದ ಸಂದೇಶಗಳನ್ನು ಬರೆದ ಹಿರಿಯರು ಆ ರಾತ್ರಿ ಎಲ್ಲಿದ್ದರು ಎಂದು ಯಾರೂ ಕೇಳಲಿಲ್ಲ. ಅದೇ ರಾತ್ರಿ, ಅದೇ ಬಡಾವಣೆಯಲ್ಲಿ, ದೇವಾಲಯದ ಸುತ್ತ ಮಾನವ ಸರಪಳಿ ಕಟ್ಟಿ ನಿಂತವರೂ ನಮ್ಮ ಯುವಕರೇ ಎಂಬುದು ನಿಜ. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಹೆಮ್ಮೆಯ ಹಿಂದೆ ಉಳಿದದ್ದನ್ನೆಲ್ಲ ಬಚ್ಚಿಡುವುದು ಪ್ರಾಮಾಣಿಕತೆಯಲ್ಲ.

ನಾವು ಮದ್ರಸದಲ್ಲಿ ಹದೀಸ್ ಓದುತ್ತಿದ್ದಾಗ ಉಸ್ತಾದರು ಮೊದಲು ಕೇಳುತ್ತಿದ್ದುದು ಮಾತನ್ನಲ್ಲ, ಸನದನ್ನು. ಯಾರಿಂದ ಕೇಳಿದೆ? ಆತ ಯಾರಿಂದ ಕೇಳಿದ? ನಡುವೆ ಒಬ್ಬ ಸುಳ್ಳುಗಾರನಿದ್ದರೆ ಇಡೀ ವರದಿ ಬಿದ್ದುಹೋಗುತ್ತಿತ್ತು. ಹೆಸರುಗಳ ಆ ಉದ್ದನೆಯ ಪಟ್ಟಿ ಅಂದು ನಮಗೆ ಬೇಸರ ತರಿಸುತ್ತಿತ್ತೆಂದು ಒಪ್ಪಿಕೊಳ್ಳುತ್ತೇವೆ. ಸುದ್ದಿ ಬಂದರೆ ಪರಿಶೀಲಿಸಿ ಎಂದು ಕುರ್‌ಆನಿನ 49ನೇ ಅಧ್ಯಾಯ ಆದೇಶಿಸುತ್ತದೆ. ಇಂಥ ಪರಂಪರೆಯ ವಾರಸುದಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸನದು ಇಲ್ಲದ ಮಾತು ಬೆಳಗಿನ ನಮಾಝಿಗೆ ಮೊದಲೇ ನೂರು ಮಂದಿಯನ್ನು ದಾಟುತ್ತದೆ. ಕಳುಹಿಸಿದವರನ್ನು ಕೇಳಿದರೆ 'ಬಂದದ್ದನ್ನು ಕಳಿಸಿದೆ' ಎಂಬ ಉತ್ತರ. ಆ ಗುಂಪುಗಳಲ್ಲಿ ಅನ್ಯರ ದೇವರನ್ನು, ಅನ್ಯರ ಹೆಣ್ಣುಮಕ್ಕಳನ್ನು ಗೇಲಿ ಮಾಡುವ ಚಿತ್ರಗಳು ಬಂದಾಗ ನಕ್ಕು ಸುಮ್ಮನಾಗುವ ತಂದೆಯಂದಿರು ಈ ಸಭೆಯಲ್ಲಿಯೂ ಇರಬಹುದು. ಮಗ ಅದನ್ನು ನೋಡುತ್ತಿರುತ್ತಾನೆ.

ಇನ್ನೊಂದು ಸಂಗತಿಯಿದೆ, ಅದು ನಮಗೆ ಹೆಚ್ಚು ನೋವು ಕೊಟ್ಟದ್ದು. 'ಬುಲ್ಲಿ ಬಾಯಿ' ಸುದ್ದಿಯಾದ ವಾರ ನಮ್ಮ ಪರಿಚಯದ ಹಲವು ಮನೆಗಳಲ್ಲಿ ಮೊದಲು ನಡೆದ ಕೆಲಸವೇನು ಗೊತ್ತೇ? ಮಗಳ ಮೊಬೈಲು ಕಿತ್ತುಕೊಂಡದ್ದು. 'ಭಾವಚಿತ್ರ ಹಾಕಿದ್ದೇಕೆ, ಬರೆದದ್ದೇಕೆ' ಎಂಬ ವಿಚಾರಣೆ. ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಚೆನ್ನಾಗಿ ಬರೆಯುತ್ತಿದ್ದಳು. ಆ ವಾರ ತನ್ನ ಬರಹಗಳನ್ನೆಲ್ಲ ತಾನೇ ಅಳಿಸಿದಳು. ಆ ಮೇಲೆ ಬರೆಯಲಿಲ್ಲ. ಮುಸ್ಲಿಮ್ ಹೆಣ್ಣಿನ ಬಾಯಿ ಮುಚ್ಚಿಸಬೇಕೆಂಬುದೇ ಹರಾಜಿಟ್ಟವರ ಉದ್ದೇಶವಾಗಿತ್ತು. ಅವರಿಗೆ ಸಾಧ್ಯವಾಗದ್ದನ್ನು ನಾವು ಮನೆಯೊಳಗೆ ಕುಳಿತು ಮಾಡಿಕೊಟ್ಟೆವು. ಆದರೆ ದಿಲ್ಲಿಯಲ್ಲಿ ಪೊಲೀಸರ ಬಾಗಿಲು ತಟ್ಟಿ ದೂರು ಕೊಟ್ಟದ್ದು ಆ ಪಟ್ಟಿಯಲ್ಲಿದ್ದ ಯುವ ಪತ್ರಕರ್ತೆಯೇ. ಆಕೆ ಸುಮ್ಮನಿದ್ದಿದ್ದರೆ ಇದಕ್ಕೂ 'ಸುಲ್ಲಿ ಡೀಲ್ಸ್'ನ ಗತಿಯೇ ಆಗುತ್ತಿತ್ತೇನೋ.

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ. ಮಗಳಿಗೆ ಅಶ್ಲೀಲ ಸಂದೇಶ ಬಂದರೆ, ಆಕೆಯ ಚಿತ್ರ ದುರುಪಯೋಗವಾದರೆ, ಮೊದಲು ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಏನನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. 1930 ಎಂಬ ಸಹಾಯವಾಣಿಯಿದೆ, ಜಿಲ್ಲೆಗಳಲ್ಲಿ ಸೈಬರ್ ಅಪರಾಧ ಠಾಣೆಗಳಿವೆ. ಠಾಣೆಗೆ ಆಕೆಯೊಂದಿಗೆ ನೀವೂ ಹೋಗಿ. ಮಗನ ವಿಷಯದಲ್ಲಿ, ಆತ ಏನು ನೋಡುತ್ತಾನೆಂದು ಕದ್ದು ನೋಡುವ ಬದಲು, ಆತನಿಗೆ ಬಂದದ್ದನ್ನು ನಿಮಗೆ ತೋರಿಸುವಷ್ಟು ಸಲುಗೆ ಕೊಡಿ.

ಈಗ ಪ್ರಶ್ನೆಗಳಿಗೆ ಸಮಯವಿದೆ. ಹಿರಿಯರು ಮನ್ನಿಸಬೇಕು, ಮೊದಲ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಯುವಕರಿಂದ ಮತ್ತು ಪರದೆಯ ಆಚೆಯಿರುವ ಸಹೋದರಿಯರಿಂದ ಬರಲಿ.