ಹಿಡಿತದ ಅಳತೆ

ಬೆಂಚಿನ ಮೇಲೆ ಮಲಗಿ ಬಾರ್ಬೆಲ್ ಎತ್ತುವವರು ಕಂಬಿಯನ್ನು ಎಷ್ಟು ಅಗಲವಾಗಿ ಹಿಡಿಯಬೇಕು? ಹರೆಯದಲ್ಲಿ ನಾನು ಗರಡಿಯ ದೊಡ್ಡ ಆಳೊಬ್ಬರ ಹಿಡಿತವನ್ನೇ ಅನುಕರಿಸಿ ಭುಜ ನೋಯಿಸಿಕೊಂಡೆ. ಇಂದಿಗೂ ಕರಿಹಲಗೆಯ ಮೇಲಂಚಿನಲ್ಲಿ ಬರೆಯಲು ಆ ಕೈ ಏಳದು.

ಸ್ಪರ್ಧೆಗಳಲ್ಲಿ ತೋರುಬೆರಳುಗಳ ನಡುವಣ ಅಂತರ 81 ಸೆಂಟಿಮೀಟರ್ ಮೀರಬಾರದೆಂಬ ನಿಯಮವುಂಟು. ಅದು ಮೇರೆಯೇ ಹೊರತು ಎಲ್ಲರ ಅಳತೆಯಲ್ಲ. ಬರಿಯ ಕಂಬಿಯನ್ನು ಎದೆಗೆ ಇಳಿಸಿ, ಮಿತ್ರರೊಬ್ಬರಿಗೆ ಕಾಲ ಕಡೆ ನಿಂತು ನೋಡಲು ಹೇಳಿರಿ. ಮೊಣಕೈಯ ನೇರಕ್ಕೆ ಮಣಿಕಟ್ಟು ಬಂದು ಮುಂಗೈ ನೆಟ್ಟಗೆ ನಿಂತರೆ ಅದೇ ನಿಮ್ಮ ಅಳತೆ. ತೀರ ಅಗಲವಾದರೆ ಭುಜಕ್ಕೆ, ತೀರ ಕಿರಿದಾದರೆ ಮಣಿಕಟ್ಟಿಗೆ ಶ್ರಮ. ಹೆಬ್ಬೆರಳು ಕಂಬಿಯನ್ನು ಸುತ್ತಿಯೇ ಇರಲಿ.

ಅಳತೆ ಸಿಕ್ಕಿದಲ್ಲಿ ಸೀಮೆಸುಣ್ಣದಿಂದ ಗೀಟೆಳೆಯಿರಿ. ಭುಜ ನೊಂದರೆ ಬೆರಳಗಲ ಒಳಕ್ಕೆ ಸರಿಯಿರಿ, ಪಕ್ಕದವರನ್ನು ನೋಡಬೇಡಿರಿ.