ಖಾಲಿ ಹೊಟ್ಟೆ, ತುಂಬಿದ ಹೊಟ್ಟೆ ಮತ್ತು ಸೂಜಿ

ಔಷಧಿ ಅಂಗಡಿಯವರು ಮಾತ್ರೆಯ ಪೊಟ್ಟಣದ ಮೇಲೆ ‘ಊಟಕ್ಕೆ ಮುಂಚೆ’, ‘ಊಟ ಆದ ಮೇಲೆ’ ಎಂದು ಬರೆದುಕೊಡುತ್ತಾರೆ. ಆಂಟಿಬಯೋಟಿಕ್‌ಗಳ ಮಟ್ಟಿಗೆ ಆ ಮಾತಿನ ಹಿಂದೆ ಎಂಬತ್ತು ವರ್ಷಗಳ ಕಥೆಯಿದೆ. ‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ’ ಎಂದು ನಮ್ಮವರು ಕೇಳುತ್ತಾರಲ್ಲ, ಅದರ ಬೇರೂ ಅಲ್ಲೇ ಇದೆ ಎಂದು ನನ್ನ ನಂಬಿಕೆ.

1941ರ ಫೆಬ್ರವರಿ 12. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ ಮುಖದ ತುಂಬ ಕೀವಾಗಿ, ಸೋಂಕು ಮೈಗೆಲ್ಲ ಹರಡಿ ಮಲಗಿದ್ದರು. ಅವರಿಗೆ ಮೂರು ಗಂಟೆಗೊಮ್ಮೆ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಟ್ಟರು. ಬಾಯಿಂದ ಕೊಡುವ ಹಾಗಿರಲಿಲ್ಲ. ಆ ಮೊದಲ ಪೆನಿಸಿಲಿನ್ ಜಠರದ ಆಮ್ಲಕ್ಕೆ ಸಿಕ್ಕರೆ ಬಹುಪಾಲು ಹಾಳಾಗುತ್ತಿತ್ತು. ರಕ್ತ ಸೇರಿದ್ದನ್ನೂ ಮೂತ್ರಪಿಂಡಗಳು ಬೇಗನೆ ಹೊರಹಾಕುತ್ತಿದ್ದವು. ಹಾಗಾಗಿ ಅವರ ಮೂತ್ರವನ್ನೇ ಕೂಡಿಟ್ಟು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ, ಮತ್ತೆ ಅವರಿಗೇ ಚುಚ್ಚಿದರು. ಜ್ವರ ಇಳಿಯಿತು, ಊಟ ಸೇರತೊಡಗಿತು. ಅಷ್ಟರಲ್ಲಿ ಔಷಧಿ ಮುಗಿಯಿತು. ಮಾರ್ಚ್ 15ರಂದು ಅವರು ತೀರಿಕೊಂಡರು.

ಅಂದಿನ ವೈದ್ಯರು ಸೂಜಿ ಹಿಡಿದದ್ದು ಬೇರೆ ದಾರಿಯಿಲ್ಲದೆ. ಸ್ಟ್ರೆಪ್ಟೋಮೈಸಿನ್ ಬಂದಾಗಲೂ ಅಷ್ಟೇ: ಅದು ಕರುಳಿನಿಂದ ರಕ್ತಕ್ಕೆ ಇಳಿಯುವುದಿಲ್ಲ, ಕ್ಷಯರೋಗಿ ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳಲೇಬೇಕಿತ್ತು. ಸಾಯುವವರನ್ನು ಬದುಕಿಸಿದ್ದು ಸೂಜಿ ಎಂದು ಜನ ಕಣ್ಣಾರೆ ಕಂಡರು. ಸೂಜಿಯೇ ಜೋರು ಎಂಬ ಭಾವನೆ ಮನೆಮಾಡಿದ್ದರಲ್ಲಿ ಆಶ್ಚರ್ಯವೇನಿದೆ?

1950ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಕುಂಡ್ಲ್ ಎಂಬಲ್ಲಿ, ಮುಚ್ಚಿಹೋಗಿದ್ದ ಬಿಯರ್ ಕಾರ್ಖಾನೆಯೊಂದರಲ್ಲಿ ಪೆನಿಸಿಲಿನ್ ತಯಾರಿಸುತ್ತಿದ್ದರು. ಅಲ್ಲಿನ ಎರ್ನ್ಸ್ಟ್ ಬ್ರಾಂಡ್ಲ್ ಮತ್ತು ಹಾನ್ಸ್ ಮಾರ್ಗ್‌ರೈಟರ್ ಆಮ್ಲಕ್ಕೆ ಜಗ್ಗದ ಪೆನಿಸಿಲಿನ್ ಒಂದನ್ನು ಗುರುತಿಸಿದರು. ಅದೇ ಪೆನಿಸಿಲಿನ್ ವಿ. ನಂಬಿ ನುಂಗಬಹುದಾದ ಪೆನಿಸಿಲಿನ್ ಮಾತ್ರೆ ಹೀಗೆ ಸಾಧ್ಯವಾಯಿತು.

ನುಂಗುವುದು ಶುರುವಾದ ಮೇಲೆ ಊಟದ ಪ್ರಶ್ನೆ ಎದ್ದಿತು. ನನಗೆ ಬಹಳ ಹಿಡಿಸಿದ ಅಧ್ಯಾಯ ಇದು. ಪೆನಿಸಿಲಿನ್ ವಿಗೂ ಮುಂಚೆ, 1948ರಲ್ಲೇ, ನುಂಗುವ ಇನ್ನೊಂದು ಆಂಟಿಬಯೋಟಿಕ್ ಆರಿಯೋಮೈಸಿನ್ ಬಂದಿತ್ತು. ಅದನ್ನು ಕಂಡುಹಿಡಿದ ಬೆಂಜಮಿನ್ ಡಗ್ಗರ್ ಕೆಲಸ ಮಾಡುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಗೆ ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರು. ಹೊಸ ಔಷಧಿ ಗುಣವನ್ನೇನೋ ಕೊಟ್ಟಿತು, ಆದರೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆಂದು ವೈದ್ಯರು ಜೊತೆಯಲ್ಲೇ ಹೊಟ್ಟೆಯುರಿ ತಣಿಸುವ ಅಲ್ಯೂಮಿನಿಯಂ ಔಷಧಿ ಕೊಟ್ಟರು. ರಕ್ತ ಪರೀಕ್ಷಿಸಿದರೆ ಆರಿಯೋಮೈಸಿನ್ ಮಟ್ಟ ಕುಸಿದಿತ್ತು! ಅಲ್ಯೂಮಿನಿಯಂ ಅದನ್ನು ಕರುಳಿನಲ್ಲೇ ಕಟ್ಟಿಹಾಕಿತ್ತು. ಹಾಲಿನ ಕ್ಯಾಲ್ಸಿಯಂ, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ಮಾಡುವುದೂ ಇದನ್ನೇ. ಇದೇ ಬಳಗದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್‌ಗೆ ತುಂಬುಪುಡಿಯಾಗಿ ಬೆರೆಸಿದ್ದ ಕ್ಯಾಲ್ಸಿಯಂ ಲವಣ ಕೂಡ ಔಷಧಿಯನ್ನು ತಡೆಯುತ್ತಿದ್ದುದು ಆಮೇಲೆ ತಿಳಿಯಿತು. ಮಾತ್ರೆಯನ್ನು ಹಾಲಿನಲ್ಲಿ ಕೊಡುವುದು ನಮ್ಮ ಮನೆಗಳಲ್ಲಿ ಅಕ್ಕರೆಯ ರೂಢಿ. ಟೆಟ್ರಾಸೈಕ್ಲಿನ್‌ಗೂ ಸಿಪ್ರೋಫ್ಲಾಕ್ಸಸಿನ್ ಎಂಬ ಬೇರೊಂದು ಆಂಟಿಬಯೋಟಿಕ್‌ಗೂ ಅದು ಸಲ್ಲದು. ನೀರೇ ಬೇಕು.

1961ರಲ್ಲಿ ಬಂದ ಆಂಪಿಸಿಲಿನ್ ಊಟದ ಜೊತೆ ಹೋದರೆ ರಕ್ತಕ್ಕೆ ಕಡಿಮೆ ಸೇರುತ್ತಿತ್ತು, ಹಾಗಾಗಿ ಅದನ್ನು ಖಾಲಿ ಹೊಟ್ಟೆಗೆ ಕೊಡುತ್ತಿದ್ದರು. ಅದರ ಅಣುವಿಗೆ ಆಮ್ಲಜನಕದ ಒಂದೇ ಒಂದು ಪರಮಾಣು ಹೆಚ್ಚಿಸಿದಾಗ ಆಮಾಕ್ಸಿಸಿಲಿನ್ ಆಯಿತು. 1972ರಿಂದ ಬಳಕೆಯಲ್ಲಿರುವ ಇದಕ್ಕೆ ಊಟ ಅಡ್ಡಿಯಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಂದಿಗೂ ಖಾಲಿ ಹೊಟ್ಟೆಯನ್ನೇ ಬೇಡುತ್ತದೆ. ಸೆಫುರಾಕ್ಸಿಮ್ ಮಾತ್ರೆಯದು ತದ್ವಿರುದ್ಧ: ಊಟದ ಜೊತೆ ತೆಗೆದುಕೊಂಡರೇ ಅದು ಚೆನ್ನಾಗಿ ರಕ್ತ ಸೇರುವುದು. ಅದಕ್ಕೇ ಒಂದು ಮಾತ್ರೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೊಸ ಮಾತ್ರೆ ಕೊಂಡಾಗಲೆಲ್ಲ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ.

ಇನ್ನು ಸೂಜಿ. ಮೂಳೆ, ಕೀಲುಗಳ ಸೋಂಕಿಗೆ ವಾರಗಟ್ಟಲೆ ರಕ್ತನಾಳಕ್ಕೇ ಔಷಧಿ ಹೋಗಬೇಕೆಂಬ ನಂಬಿಕೆ ವೈದ್ಯರಲ್ಲೂ ಗಟ್ಟಿಯಾಗಿತ್ತು. ಬ್ರಿಟನ್ನಿನಲ್ಲಿ 1054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಆರು ವಾರ ಸರಿಯಾದ ಮಾತ್ರೆ ನುಂಗಿದವರು ಡ್ರಿಪ್ ಹಾಕಿಸಿಕೊಂಡವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಎಚ್ಚರ ತಪ್ಪಿದವರಿಗೆ, ವಾಂತಿ ನಿಲ್ಲದವರಿಗೆ, ಮಿದುಳು ಪೊರೆಯ ಸೋಂಕಿಗೆ, ರಕ್ತಕ್ಕೆ ನಂಜೇರಿದವರಿಗೆ ಸೂಜಿಯೇ ಬೇಕು. ಅಲ್ಲಿ ಒಂದು ಗಂಟೆಯೂ ತಡಮಾಡಬಾರದು.