ಮೇಲೊಂದು ಮನೆ ಎಬ್ಬಿಸೋ ಮುಂಚೆ

ಸವಳಂಗ ರಸ್ತೆಯಲ್ಲಿ ನವುಲೆ ಕಡೆ ಒಂದು ರೌಂಡ್ ಹೊಡೆದ್ರೆ ಎಷ್ಟೋ ತಾರಸಿಗಳ ಮೇಲೆ ಪಿಲ್ಲರ್ ಕಂಬಿ ಹಾಗೇ ಎದ್ದು ನಿಂತಿರೋದು ಕಾಣುತ್ತೆ. ಮುಂದೆ ಮೇಲೊಂದು ಮನೆ ಕಟ್ಟೋಣ ಅನ್ನೋ ಆಸೆ ಅದು. ಮಗನಿಗೆ ಮದುವೆ ಆದ್ರೆ ಅವನಿಗೆ, ಇಲ್ದಿದ್ರೆ ಬಾಡಿಗೆಗೆ. ಎಂಜಿನಿಯರಿಂಗ್ ಕಾಲೇಜು, ಕೃಷಿ ವಿವಿ ಎರಡೂ ಇದೇ ರಸ್ತೆಯಲ್ಲಿರೋದ್ರಿಂದ ಬಾಡಿಗೆಗೆ ಬರೋರಿಗೇನೂ ಕೊರತೆ ಇಲ್ಲ.

ನಾನು ಓದಿದ್ದು ಬಿ.ಕಾಂ. ಸಿಮೆಂಟಿನ ಲೆಕ್ಕ ಮೇಸ್ತ್ರಿಗೆ ಬಿಡ್ತೀನಿ, ಕಾಗದದ ಲೆಕ್ಕ ನಾನು ಹೇಳ್ತೀನಿ.

ಮೊದಲನೇದು, ಪರವಾನಗಿ. ಮಂಜೂರಾದ ನಕ್ಷೆಯಲ್ಲಿ ಮೇಲಿನ ಮಹಡಿ ಇಲ್ದಿದ್ರೆ ಹೊಸದಾಗಿ ಅರ್ಜಿ ಹಾಕಲೇಬೇಕು. ಶಿವಮೊಗ್ಗ ಮಹಾನಗರ ಪಾಲಿಕೆಗೆ ಅನ್ವಯಿಸೋದು 1976ರ ಪೌರ ನಿಗಮಗಳ ಕಾಯ್ದೆ. ಭದ್ರಾವತಿ ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ. "ನಮ್ಮ ಸೈಟು, ನಮ್ಮ ಮನೆ" ಅನ್ನೋ ಮಾತು ಎರಡರಲ್ಲೂ ನಡೆಯಲ್ಲ.

ಅಲ್ಲಿ ಅವರು ನೋಡೋದು ಸುತ್ತ ಬಿಡಬೇಕಾದ ಜಾಗ, ಅಂದ್ರೆ ಸೆಟ್‌ಬ್ಯಾಕ್, ಮತ್ತು ಎಫ್‌ಎಆರ್. ಎಫ್‌ಎಆರ್ ಅಂದ್ರೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ. 30x40 ಸೈಟು 1200 ಚದರಡಿ. ಎಫ್‌ಎಆರ್ 1.5 ಅಂತಿಟ್ಕೊಳ್ಳಿ, ಒಟ್ಟು 1800 ಆಯ್ತು. ಕೆಳಗೆ 900 ಇದ್ರೆ ಮೇಲೆ 900. ಅದರ ಮೇಲೆ ಇನ್ನೊಂದು ಮನೆ ಎಬ್ಬಿಸಿದ್ರೆ ಲೆಕ್ಕ ತಪ್ಪುತ್ತೆ.

ಎರಡನೇದು, ಕರೆಂಟು. ಬಹಳ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಕಟ್ಟಡ ಮುಗಿದ ಪ್ರಮಾಣಪತ್ರ ಅಥವಾ ಓಸಿ ತೋರಿಸಿದ ಮೇಲೇ ಕರೆಂಟು, ನೀರು, ಒಳಚರಂಡಿ ಸಂಪರ್ಕ. ಬ್ಯಾಂಕಿನವರೂ ಅದನ್ನ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು. ಆಮೇಲೆ, 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಕೊಡೋ ತೀರ್ಮಾನ ಮಾಡ್ತು. ಆದ್ರೆ ಸ್ವಲ್ಪ ಗಮನಿಸಿ, ವಿನಾಯಿತಿ ಇರೋದು ಓಸಿಗೆ. ನಕ್ಷೆ ಮಂಜೂರಾತಿನೇ ಬೇಡ ಅಂತ ಅದರ ಅರ್ಥ ಅಲ್ಲ.

"ಕೆಳಗಿನ ಮೀಟರಿಂದಾನೇ ಒಂದು ವೈರ್ ಎಳೆದ್ರಾಯ್ತು" ಅಂತೀರಾ? ಗೃಹಜ್ಯೋತಿಯಲ್ಲಿ ಮಿತಿ ತಿಂಗಳಿಗೆ 200 ಯೂನಿಟ್. ಕೆಳಗೆ 110, ಮೇಲೆ 110 ಉರಿಸಿದ್ರೆ ಒಂದೇ ಮೀಟರಲ್ಲಿ 220. ಅಷ್ಟೂ ಯೂನಿಟ್ಟಿಗೆ ಬಿಲ್ ಬರುತ್ತೆ. ಬೇರೆ ಬೇರೆ ಮೀಟರ್ ಇದ್ರೆ ಎರಡು ಮನೆಯೂ ಮಿತಿಯೊಳಗೆ. ಬಾಡಿಗೆದಾರರಿಗೂ ಈ ಯೋಜನೆ ಇದೆ. ಆದ್ರೆ ಅವರ ಮನೆಗೆ ಬೇರೆ ಮೀಟರ್ ಬೇಕು.

ಮೂರನೇದು, ಒಂದು ತಪ್ಪು ನಂಬಿಕೆ. "ಕಂದಾಯ ಕಟ್ತಾ ಇದ್ದೀವಲ್ಲ, ಮನೆ ಸಕ್ರಮಾನೇ." ಇಲ್ಲ. ಮೇಲ್ಮನೆ ಸೇರಿಸಿ ಕಂದಾಯ ಕಟ್ಟೋದು ನಿಮ್ಮ ಕರ್ತವ್ಯ, ಆದ್ರೆ ಆ ರಸೀದಿ ಲೈಸೆನ್ಸ್ ಆಗಲ್ಲ. ಬಿ-ಖಾತಾನೂ ಅಷ್ಟೇ. "ಮುಂದೆ ಅಕ್ರಮ-ಸಕ್ರಮದಲ್ಲಿ ಸರಿ ಮಾಡ್ಕೊಳ್ಳೋಣ" ಅನ್ನೋರಿಗೂ ಒಂದು ಮಾತು. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ.

ಮೇಲ್ಮನೆಗೆ ಹೋಗೋ ದುಡ್ಡು ಅಪ್ಪನ ನಿವೃತ್ತಿ ಹಣ, ಇಲ್ಲಾ ಅಮ್ಮನ ಒಡವೆ ಮೇಲಿನ ಸಾಲ. ಅಷ್ಟು ಸುರಿದು ಕೊನೆಗೆ ಮೀಟರ್ ಸಿಗದೆ ಬೀಗ ಹಾಕಿಟ್ರೆ, ಬಡ್ಡಿ ಮಾತ್ರ ನಿಲ್ಲಲ್ಲ. ಅದಕ್ಕೇ ಮೇಸ್ತ್ರಿಗೆ ಅಡ್ವಾನ್ಸ್ ಕೊಡೋ ಮುಂಚೆ ಹಳೇ ನಕ್ಷೆ ಹುಡುಕಿ ತೆಗೀರಿ. ಸೈಟು ಎ-ಖಾತಾನೋ ಬಿ-ಖಾತಾನೋ ನೋಡಿ. ಪಾಲಿಕೆಯಲ್ಲಿ ಅರ್ಜಿ ಹಾಕಿ, ಮೆಸ್ಕಾಂನಲ್ಲಿ ಎರಡನೇ ಮೀಟರಿಗೆ ಏನೇನು ಬೇಕು ಅಂತ ಬರೆಸ್ಕೊಂಡು ಬನ್ನಿ.

ಈ ಎಪಿಸೋಡನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಅಪ್ಪ ಕೇಳಲಿ. ಮುಂದಿನ ವಾರ ಸಿಗೋಣ.